ನಿಂಗಯ್ಯನ ನೀರಲ್ಲಿ ಗೆದ್ದ ಆಟ

೧೪ ಡಿಸೆಂಬರ್ ೧೯೪೬, ಶನಿವಾರ. ಮಂಡ್ಯ.

ಕಾಲು ತೊಳೆದುಕೋ ಎಂದು ಅವ್ವ ಮೂರು ಸಲ ಹೇಳಿದಳು. ಇನ್ನೂ ತೊಳೆದಿಲ್ಲ.

ಗೆದ್ದೆವು! ಈ ವರ್ಷದ ಹಿಂದಿನ ಐದು ಫುಟ್‌ಬಾಲ್ ಪಂದ್ಯಗಳನ್ನೂ ಸೋತ ಕಾಲೇಜು ತಂಡ ನಮ್ಮದು. ಇವತ್ತಿನದು ಕೊನೆಯದು, ಮೈಸೂರಿನವರ ಮೇಲೆ. ಅವರಿಗೆಲ್ಲ ಬೂಟು, ನಮಗೆ ಬರಿಗಾಲು.

ಮೈದಾನದ ಮೇಲುಗಡೆ ನಿಂಗಯ್ಯನ ಕಬ್ಬಿನ ಗದ್ದೆ. ಮಧ್ಯಾಹ್ನ ಕಾಲುವೆಯ ತೂಬು ಎತ್ತಿ, ಆಟ ನೋಡಲು ಬದುವಿನ ಮೇಲೆ ಕೂತವನು ಮುಚ್ಚುವುದನ್ನೇ ಮರೆತಿದ್ದಾನೆ. ಅರ್ಧ ಆಟ ಮುಗಿಯುವಷ್ಟರಲ್ಲಿ ನೀರು ಕೆಳಗೆ ಹರಿದು ಬಂದು ಮೈದಾನವೆಲ್ಲ ಕೆಸರು. ಬೂಟಿನವರು ಜಾರಿ ಜಾರಿ ಬಿದ್ದರು. ನಾವೋ, ನಡೆಯಲು ಕಲಿತಾಗಿನಿಂದ ಗದ್ದೆ ತುಳಿದವರು. ಗೋಲು ಕಾಯುತ್ತಿದ್ದ ಗಫಾರ್ ಹಿಂದಿನಿಂದ ಕೂಗಿದ: “ನಾಟಿ ಗದ್ದೆ ಅಂದ್ಕೊಂಡು ಓಡ್ಲಾ!” ಅವನು ಸೈಕಲ್ ರಿಪೇರಿಯವರ ಮಗ, ಒಂದು ಪೈರೂ ನೆಟ್ಟವನಲ್ಲ! ಓಡಿದೆ. ಇಡೀ ಆಟಕ್ಕೆ ಒಂದೇ ಗೋಲು, ಅದು ನನ್ನದು.

ಆಮೇಲೆ ನಿಂಗಯ್ಯ ತಲೆ ಚಚ್ಚಿಕೊಂಡ. “ನನ್ ಕಬ್ಬಿನ ನೀರ್ನೆಲ್ಲ ನಿಮ್ ಮೈದಾನ ಕುಡ್ಕೊಂಬುಡ್ತಲ್ರೋ!” ಬೈದು ಬೈದು ಸುಸ್ತಾಗಿ, ಕಣ್ಣು ಮಿಟುಕಿಸುತ್ತಾ ನನ್ನ ಕಿವಿಯ ಹತ್ತಿರ ಬಂದ.

“ಬರೋ ವರ್ಸ ಯಾವತ್ತ್ಲಾ ಆಟ? ಈಗ್ಲೇ ಹೇಳ್ಬುಡು.”

ಅವ್ವ ಮತ್ತೆ ಕೂಗುತ್ತಿದ್ದಾಳೆ. ತೊಳೆಯುತ್ತೇನೆ. ಈ ಕೆಸರು ಇನ್ನೊಂದು ಸ್ವಲ್ಪ ಹೊತ್ತು ಇರಲಿ.