ಹಳ್ಳದ ತಿರುವಿನ ಐದು ಕಲ್ಲುಗಳು

ಮಾನ್ಯ ತನಿಖಾಧಿಕಾರಿಗಳೇ,

ನನ್ನ ಬಾಲ್ಯದ ಸಹಪಾಠಿ ಮಡಿವಾಳೆಪ್ಪ ‘ಅತಿವೇಗ ಹಾಗೂ ನಿರ್ಲಕ್ಷ್ಯದ ಚಾಲನೆಯಿಂದ’ ಸತ್ತನೆಂದು ವರದಿ ಬರೆದು ತಾವು ಪ್ರಕರಣ ಮುಗಿಸಿದ್ದೀರಿ. ಅದು ಸುಳ್ಳು. ಸತ್ತವನು ಎದ್ದು ಬಂದು ತಕರಾರು ಮಾಡುವುದಿಲ್ಲವೆಂಬ ಧೈರ್ಯ ತಮಗಿರಬಹುದು. ಅವನ ಪಕ್ಕದಲ್ಲಿ ಕುಳಿತು ಕಲಿತ ನಾನು ಇನ್ನೂ ಬದುಕಿದ್ದೇನೆ.

ಈ ಮನುಷ್ಯನ ವೇಗ ಎಷ್ಟೆಂದು ತಮಗೆ ಗೊತ್ತೇ, ಸ್ವಾಮಿ? ಹೈಸ್ಕೂಲಿಗೆ ನಾವಿಬ್ಬರೂ ಊರಿನಿಂದ ಬೈಲಹೊಂಗಲಕ್ಕೆ ಅವನ ಅಪ್ಪನ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ಇಳಿಜಾರು ಬಂದರೆ ಉಳಿದ ಹುಡುಗರು ಕೂಗುತ್ತ ಹಾರಿಹೋಗುತ್ತಿದ್ದರು. ಇವನು ಮಾತ್ರ ಬ್ರೇಕ್ ಹಿಡಿದು, “ಇಳೀಲೇ ರಘ್ಯಾ, ನಿಮ್ಮವ್ವಗ ಇರಾಂವ ನೀ ಒಬ್ಬನ,” ಎಂದು ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ. ಪುರೋಹಿತರ ಮನೆಯ ನಾನೂ ಒಕ್ಕಲುತನದ ಮನೆಯ ಅವನೂ ಹೀಗೆ ದಿನಾ ತಡವಾಗಿ ಮುಟ್ಟಿ, ಮೊದಲ ಪಿರಿಯಡ್ಡಿನ ಪಾಠವನ್ನು ಹೊರಗೆ ನಿಂತೇ ಕೇಳಿದ್ದೇವೆ. ಐವತ್ತು ದಾಟಿದ ಮೇಲೆ ಅವನು ಮೋಟರ್ ಸೈಕಲ್ ಕೊಂಡಾಗ, ಅವನ ಎಮ್ಮೆಗಳೇ ಅವನನ್ನು ಹಿಂದೆ ಹಾಕುತ್ತವೆಂದು ಊರೆಲ್ಲ ನಕ್ಕಿತ್ತು.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ರಸ್ತೆಯಲ್ಲಿ ಕೆಟ್ಟು ನಿಂತರೆ, ಬರುವ ಗಾಡಿಗಳಿಗೆ ಗೊತ್ತಾಗಲೆಂದು ಅದರ ಸುತ್ತ ದಪ್ಪ ಕಲ್ಲುಗಳನ್ನಿಡುವುದು ನಮ್ಮ ಕಡೆಯ ರೂಢಿ. ರಿಪೇರಿಯಾದ ಕೂಡಲೇ ಟ್ರ್ಯಾಕ್ಟರ್ ಹೋಗುತ್ತದೆ, ಕಲ್ಲುಗಳು ಅಲ್ಲೇ ಉಳಿಯುತ್ತವೆ. ನಮ್ಮೂರ ಹಳ್ಳದ ತಿರುವಿನಲ್ಲಿ ಅಂಥ ಐದು ಕಲ್ಲುಗಳು ನಾಲ್ಕು ದಿನ ಬಿದ್ದಿದ್ದವು. ಐದನೆಯ ದಿನ ದೀಪ ಹಚ್ಚುವ ಹೊತ್ತಿಗೆ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು, ಮಡಿವಾಳೆಪ್ಪನ ಗಾಡಿ ಒಂದು ಕಲ್ಲಿಗೆ ಬಡಿಯಿತು. ಹಿಂದೆ ನಡೆದು ಬರುತ್ತಿದ್ದ ನಮ್ಮೂರಿನವನೇ ಆದ ಶಟ್ಟೆಪ್ಪ ಅದನ್ನು ಕಣ್ಣಾರೆ ಕಂಡಿದ್ದಾನೆ. ಮತ್ತೊಬ್ಬರು ಬೀಳಬಾರದೆಂದು ಆ ಪುಣ್ಯಾತ್ಮ ಕಲ್ಲುಗಳನ್ನೆಲ್ಲ ಹಳ್ಳಕ್ಕೆ ಉರುಳಿಸಿಬಿಟ್ಟ. ಆಮೇಲೆ ಬಂದ ತಾವು ‘ರಸ್ತೆಯಲ್ಲಿ ಯಾವುದೇ ಅಡೆತಡೆ ಇರಲಿಲ್ಲ’ ಎಂದು ಬರೆದುಕೊಂಡಿರಿ. ಶಟ್ಟೆಪ್ಪನನ್ನು ಒಂದು ಮಾತು ಕೇಳಲು ತಮಗೆ ಪುರುಸೊತ್ತು ಇರಲಿಲ್ಲವೇ?

ಮಡಿವಾಳೆಪ್ಪನ ಹೆಂಡತಿ ಗುರವ್ವನಿಗೆ ಓದು ಬಾರದು. ವರದಿಯನ್ನು ನಾನೇ ಓದಿ ಹೇಳಿದೆ.

“ಅಣ್ಣಾರ, ಅವರು ಕುಡದಿದ್ರು ಅಂತನೂ ಬರದಾರೇನ್ರಿ?” ಎಂದು ಕೇಳಿದಳು. ಇಲ್ಲವೆಂದೆ.

“ಮತ್ತ ಆ ಕಲ್ಲ ನಾಕ ದಿನ ಯಾರಿಗೂ ಕಾಣಲಿಲ್ಲೇನ್ರಿ?”

ನನಗೆ ಕಂಡಿದ್ದವು, ಅಧಿಕಾರಿಗಳೇ. ಅವನು ಬಿದ್ದ ದಿನವೇ ಮಧ್ಯಾಹ್ನ ನಾನು ಕಾರನ್ನು ಬದಿಗೆ ಹೊರಳಿಸಿ ಅವುಗಳ ಪಕ್ಕದಿಂದಲೇ ದಾಟಿದ್ದೆ. ಇಳಿದು ಸರಿಸಲು ಐದು ನಿಮಿಷ ಸಾಕಿತ್ತು. ಇಸ್ತ್ರಿ ಅಂಗಿ ಕೊಳೆಯಾದೀತು, ಬೇರೆ ಯಾರಾದರೂ ತೆಗೆದಾರು ಎಂದುಕೊಂಡೆ. ಗುರವ್ವನಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ನಾಚಿಕೆಯಲ್ಲಿ ಬೇಯುತ್ತಿದ್ದೇನೆ.

ಪ್ರಕರಣವನ್ನು ಮತ್ತೆ ತೆರೆಯಿರಿ. ಕಲ್ಲಿಟ್ಟು ಹೋದ ಟ್ರ್ಯಾಕ್ಟರನ್ನು ಹುಡುಕಿ, ಶಟ್ಟೆಪ್ಪನ ಹೇಳಿಕೆ ಪಡೆಯಿರಿ. ನಿರ್ಲಕ್ಷ್ಯದ ಕಾಲಮ್ಮಿನಿಂದ ಮಡಿವಾಳೆಪ್ಪನ ಹೆಸರನ್ನು ಹೊಡೆದುಹಾಕಿ. ಆ ಜಾಗ ಖಾಲಿ ಬಿಡಲು ತಮ್ಮ ನಿಯಮ ಒಪ್ಪದಿದ್ದರೆ ನನ್ನ ಹೆಸರು ಬರೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಠಾಣೆಗೆ ಬರುತ್ತೇನೆ. ಗುರವ್ವನನ್ನೂ ಕರೆತರುತ್ತೇನೆ, ಅವಳೊಬ್ಬಳ ಎದುರು ನಿಂತು ಇದನ್ನು ಹೇಳುವ ಧೈರ್ಯ ನನಗಿಲ್ಲ.

ಇಂತಿ,
ಕಂಡೂ ಕಾಣದಂತೆ ಹೋದವನು,
ರಘೋತ್ತಮ