ಹತ್ತು ಸಲ ಬಿದ್ದ ಒಬ್ಬನೇ ಸವಾರ

ಹವಳಗಾದ ಕಲ್ಯಾಣಪ್ಪ ಮಾವನವರಿಗೆ ಶರಣು.

ಟಿವಿಯಲ್ಲಿ ಮಣ್ಣಿನ ದಿಬ್ಬ ಹಾರಿಸುವ ಡರ್ಟ್ ಬೈಕ್ ರೇಸ್ ನೋಡಿದ ಮೇಲೆ, ಅಂಥದೇ ಗಾಡಿ ಓಡಿಸುವ ನನಗೆ ಹೆಣ್ಣು ಕೊಡುವುದಿಲ್ಲವೆಂದು ಹೇಳಿ ಕಳಿಸಿದ್ದೀರಿ. "ಹತ್ತ ಮಂದಿ ಬಿದ್ರು, ಒಬ್ಬನೂ ಏಳ್ಲಿಲ್ಲ" ಎಂದಿರಂತೆ. ಆ ರೇಸನ್ನು ನಾನೂ ನೋಡಿದೆ. ಬಿದ್ದವನು ಒಬ್ಬನೇ. ಅವನನ್ನೇ ಮೇಲಿನಿಂದ, ಪಕ್ಕದಿಂದ, ನಿಧಾನವಾಗಿ ಹತ್ತು ಸಲ ಬೀಳಿಸಿ ತೋರಿಸಿದರು. ಎದ್ದು ಕೈ ಬೀಸಿದ್ದನ್ನು ಮಾತ್ರ ಒಂದೇ ಸಲ ತೋರಿಸಿದರು. ಅಷ್ಟರಲ್ಲಿ ನೀವು ಟಿವಿ ಬಂದ್ ಮಾಡಿರಬೇಕು.

ನಮ್ಮ ಮಾದನಹಿಪ್ಪರಗಾದ ಮಂದಿಗೂ ಟಿವಿ ಬೀಳುವುದನ್ನಷ್ಟೇ ನೋಡಲು ಕಲಿಸಿದೆ. ತೊಗರಿ ಕೊಯ್ದ ಹೊಲದಲ್ಲಿ ನಾನು ಅಭ್ಯಾಸ ಮಾಡುವಾಗ ಬದುವಿನ ಮೇಲೆ ಕೂತು, "ಲೇ ಶಾಂತ್ಯಾ, ಒಮ್ಮೆರೆ ಬೀಳೋ! ಆಳಂದ ಬಸ್ಸಿನ ಹೊತ್ತಾತು" ಎಂದು ಕೂಗುತ್ತಾರೆ. ಬೀಳದಿದ್ದರೆ ಬೈದು ಹೋಗುತ್ತಾರೆ.

ಈ ಭಾನುವಾರ ನೀವೇ ಬಂದು ನೋಡಿ, ಆಮೇಲೆ ಮದುವೆಯ ಮಾತು ಮುರಿಯಬೇಕೋ ಬೇಡವೋ ಹೇಳಿ. ದಯವಿಟ್ಟು ಬಿಪಿ ಗುಳಿಗೆ ನುಂಗಿಯೇ ಬನ್ನಿ. ನಾನು ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ. ಅಂದು ಗಾಡಿ ಓಡಿಸುವವಳು ನಿಮ್ಮ ಮಗಳು ಬಸವೇಶ್ವರಿ. ನಾವಿಬ್ಬರೂ ಕಲಬುರಗಿಯ ಕಾಲೇಜಿನಲ್ಲಿದ್ದಾಗ ನನಗೆ ಇದನ್ನು ಕಲಿಸಿದವಳೂ ಅವಳೇ.

ನಿಮ್ಮ ಅಳಿಯನಾಗುವ ಆಸೆ ಬಿಡದ,
ಶಾಂತಕುಮಾರ