ಅಳುವ ಕರಡಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಒಡಹುಟ್ಟಿದವರಲ್ಲದಿದ್ದರೂ ನಾಲ್ಕು ವರ್ಷ ಪಕ್ಕದ ಮೇಜಿನಿಂದ ಹಾಗೆಂದೇ ಕರೆದೆ. ಇವತ್ತು ಹಾಗೆ ಬರೆಯಬಹುದೋ ಇಲ್ಲವೋ ತಿಳಿಯುತ್ತಿಲ್ಲ. ಬೆಳಗಿನಿಂದ ಈ ಹಾಳೆ ಮುಂದಿಟ್ಟುಕೊಂಡು ಎದ್ದು ಕೂತು, ಕೂತು ಎದ್ದು ಮಾಡುತ್ತಿದ್ದೇನೆ. ಎರಡು ಸಲ ಚಹಾ ಕಾಸಿದೆ, ಎರಡು ಸಲವೂ ಕುಡಿಯಲು ಮರೆತೆ.

ಮೊದಲು ಆಫೀಸಿನ ಸುದ್ದಿ ಹೇಳಿಬಿಡುತ್ತೇನೆ. ನೀವು ಬಿಟ್ಟುಹೋದ ಈ ಎರಡು ತಿಂಗಳಲ್ಲಿ ನಮ್ಮ ಪುಟ್ಟ ಜಾಹೀರಾತು ಕಂಪನಿಯ ಗೋಡೆಗೆ ಮೂರು ಸಲ ಬಣ್ಣ ಬದಲಾಗಿದೆ. ಬೆಳಿಗ್ಗೆ ಹಿಡಿಸಿದ್ದು ನಮ್ಮ ಸರ್‌ಗೆ ಸಂಜೆಗೆ ಹಿಡಿಸುವುದಿಲ್ಲವಲ್ಲ. ಇರುವ ಐದು ಜನಕ್ಕೆ ದಿನಕ್ಕೆರಡು ಮೀಟಿಂಗ್. ಕಳೆದ ವಾರ ನಾನು ಬರೆದ ಸಾಲನ್ನು ಜೀವವಿಲ್ಲ ಎಂದು ಹೊಡೆದುಹಾಕಿದರು. ಎರಡು ದಿನ ಬಿಟ್ಟು ಅದನ್ನೇ ತಮಗೆ ಹೊಳೆದದ್ದೆಂಬಂತೆ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಿಮ್ಮ ಕುರ್ಚಿಯಲ್ಲಿ ನಿನ್ನೆಯವರೆಗೆ ನಾನು ಕೂರುತ್ತಿದ್ದೆ. ‘ಕ್ರಿಯೇಟಿವ್ ಹೆಡ್’ ಎಂದು ಕಾರ್ಡು ಕೂಡ ಮಾಡಿಸಿಕೊಟ್ಟಿದ್ದರು. ಕಿಟಕಿ ಪಕ್ಕದ ಆ ಜಾಗದ ಮೇಲೆ ನನಗೆಷ್ಟು ಆಸೆಯಿತ್ತೆಂದು ನಿಮಗೆ ಯಾವತ್ತೂ ಹೇಳಿರಲಿಲ್ಲ. ಕೂತ ಮೇಲೆ ಮಾತ್ರ ಒಂದು ದಿನವೂ ಬೆನ್ನು ಒರಗಿಸಲಾಗಲಿಲ್ಲ.

ನೀವು ಬಿಟ್ಟುಹೋದ ಆ ದಿನದ ವಿಷಯಕ್ಕೆ ಬರುತ್ತೇನೆ. ಮಕ್ಕಳ ಆಸ್ಪತ್ರೆಯ ಗೋಡೆಗೆಂದು ನೀವು ಬಿಡಿಸಿದ ಕರಡಿ: ಕೈಗೆ ಬ್ಯಾಂಡೇಜು, ಕಣ್ಣಲ್ಲಿ ಎರಡು ಹನಿ. ಡಾಕ್ಟರಮ್ಮ ನೋಡಿ ಒಪ್ಪಿದ್ದರು. ಸರ್‌ಗೆ ಮಾತ್ರ ಅಳು ಬೇಡವಾಗಿತ್ತು. ನಮ್ಮಿಬ್ಬರ ಎದುರಿಗೇ ‘ಕಣ್ಣೀರು ತೆಗೀರಿ, ನಗಿಸಿ ಅದನ್ನ’ ಎಂದರು. ನೀವು ಆಗೋದಿಲ್ಲ ಎಂದಿರಿ. ಆದರೂ ಆಸ್ಪತ್ರೆಗೆ ಹೋದದ್ದು ನಗುವ ಕರಡಿ. ಡಾಕ್ಟರಮ್ಮ ಫೋನಿನಲ್ಲಿ ‘ಸೂಜಿ ಚುಚ್ಚಿಸ್ಕೊಂಡ ಮಗು ಅಳಬಾರದಾ?’ ಎಂದು ಸಿಡುಕಿದಾಗ, ಸರ್ ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿದರು. ನೀವು ಅಲ್ಲವೆಂದಿರಿ. ಅವರು ನನ್ನ ಕಡೆ ತಿರುಗಿ, ‘ನೀನೂ ಇದ್ಯಲ್ಲ, ಹೇಳು. ತೆಗೀರಿ ಅಂತ ನಾನು ಹೇಳಿದ್ನಾ?’ ಎಂದರು.

‘ನೆನಪಿಲ್ಲ ಸರ್’ ಅಂದುಬಿಟ್ಟೆ.

ನೀವು ಕುಂಚಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡಿರಿ. ಹೊರಡುವಾಗ ನನ್ನ ಮೇಜಿನ ಹತ್ತಿರ ನಿಂತು, ಊಟ ಮಾಡಿದೆಯಾ ಎಂದು ಕೇಳಿದಿರಿ. ಬೈದಿದ್ದರೆ ಚೆನ್ನಾಗಿತ್ತು ಅಕ್ಕ.

ನಿನ್ನೆ ಡಾಕ್ಟರಮ್ಮ ತಾವೇ ಆಫೀಸಿಗೆ ಬಂದರು. ಆಮೇಲೆ ಕಳಿಸಿದ ಯಾವ ಕರಡಿಯೂ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಮೊದಲನೆಯದನ್ನು ಬಿಡಿಸಿದವರು ಎಲ್ಲಿ ಎಂದರು. ‘ಅವ್ರಿಗೆ ಕೆಲಸ ಬರ್ತಿರ್ಲಿಲ್ಲ, ಕಳಿಸಿಬಿಟ್ಟೆ’ ಎಂದರು ಸರ್, ಬಿಸ್ಕತ್ತಿನ ತಟ್ಟೆ ಮುಂದೆ ಸರಿಸುತ್ತಾ. ನನಗೇನಾಯಿತೋ, ಎದ್ದು ನಿಂತೆ.

‘ಸುಳ್ಳು. ಅಳು ಬೇಡ ಅಂದಿದ್ದು ನೀವೇ. ಅಕ್ಕ ಒಪ್ಪಲಿಲ್ಲ. ನಂಗೆ ಅವತ್ತೂ ಚೆನ್ನಾಗಿ ನೆನಪಿತ್ತು.’

ಪಾಪ, ಕೆಲಸದ ಒತ್ತಡ ಎಂದು ಸರ್ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ನಿಮ್ಮ ವಿಳಾಸ ಬರೆಸಿಕೊಂಡರು. ನೀವೇ ಬಂದು ಗೋಡೆಯ ಮೇಲೆ ಬಿಡಿಸಬೇಕಂತೆ, ಕಣ್ಣೀರಿನ ಸಮೇತ. ಈ ವಾರವೇ ಬರಬಹುದು. ದಯವಿಟ್ಟು ಬಾಗಿಲು ತೆಗೆಯಿರಿ.

ಅವರು ಹೋದ ಮೇಲೆ ಸರ್ ಕೂಗಾಡಲಿಲ್ಲ. ‘ನಾವೆಲ್ಲ ಒಂದೇ ಮನೆಯವರಲ್ವಾ’ ಎಂದು ಕಣ್ಣೊರೆಸಿಕೊಂಡರು. ಆಮೇಲೆ, ನಾಳೆಯಿಂದ ಬರಬೇಡ ಎಂದರು. ನನಗೆ ತಲೆನೋವೆಂದು ಅಮ್ಮನಿಗೆ ಹೇಳಿ ಮನೆಯಲ್ಲಿದ್ದೇನೆ. ಗಳಿಗೆಗೊಮ್ಮೆ ಬಂದು ಹಣೆ ಮುಟ್ಟಿ ನೋಡುತ್ತಾಳೆ.

ಇಂತಿ,
ನೀವು ‘ಕಾಗುಣಿತ’ ಎಂದು ರೇಗಿಸುತ್ತಿದ್ದವಳು

ತಾ.ಕ.: ಸ್ಕ್ಯಾನ್ ಮಾಡಿಟ್ಟ ಚಿತ್ರದಿಂದ ಕಣ್ಣೀರು ಅಳಿಸಿ ನಗು ಬರೆದದ್ದು ಸರ್ ಅಲ್ಲ. ಅವರಿಗೆ ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆಯಲೂ ಬರುವುದಿಲ್ಲವೆಂದು ನಿಮಗೆ ಗೊತ್ತು. ನೀವು ರಜೆ ಹಾಕಿದ್ದ ದಿನ ಅವರು ಹೇಳಿದರು, ನಾನು ಮಾಡಿದೆ. ಎರಡೇ ನಿಮಿಷದ ಕೆಲಸ. ಅಳಿಸಿದ್ದು ಯಾರೆಂದು ನಿನ್ನೆ ಡಾಕ್ಟರಮ್ಮ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ.